ವಾರಗಳಿಂದ ಗಂಟೆಗಳಿಗೆ: ಒಂದು ಔಷಧದ ಚರಿತ್ರೆ

ಖಿನ್ನತೆಗೆ ಮಾತ್ರೆ ಬರೆದುಕೊಡುವ ವೈದ್ಯರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: ಗುಣ ಕಾಣಲು ಕೆಲವು ವಾರ ಬೇಕು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ ಇಮಿಪ್ರಮಿನ್ ಔಷಧದ ಗುಣವನ್ನು ಗುರುತಿಸಿದಂದಿನಿಂದಲೂ ಈ ಕಾಯುವಿಕೆ ಇತ್ತು. ಬದುಕೇ ಬೇಡವೆನಿಸಿದವರಿಗೆ ಒಂದು ವಾರವೂ ಬಲು ದೀರ್ಘ. ಈ ಅವಧಿಯನ್ನು ಗಂಟೆಗಳಿಗೆ ಇಳಿಸಿದ ಔಷಧ ಹುಟ್ಟಿದ್ದು ಮಾತ್ರ ಬೇರೆ ಕೆಲಸಕ್ಕೆ.

1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪೆನಿಗಾಗಿ ಕಾಲ್ವಿನ್ ಸ್ಟೀವನ್ಸ್ ಎಂಬ ರಸಾಯನ ವಿಜ್ಞಾನಿ ಕೆಟಮೈನ್ ಎಂಬ ಅರಿವಳಿಕೆಯನ್ನು ತಯಾರಿಸಿದರು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಅದನ್ನು ಮೊದಲ ಬಾರಿಗೆ ಮನುಷ್ಯರ ಮೇಲೆ ಪ್ರಯೋಗಿಸಿದರು. ಅವರು ಮಿಶಿಗನ್ ರಾಜ್ಯದ ಜಾಕ್ಸನ್ ಸೆರೆಮನೆಯ ಕೈದಿಗಳು. ದಾಖಲೆಗಳು ಅವರನ್ನು ಸ್ವಯಂಸೇವಕರೆನ್ನುತ್ತವೆ. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ 1970ರ ದಶಕದಲ್ಲಿ ಅಮೆರಿಕದಲ್ಲಿಯೇ ಬಲವಾಗಿ ಎದ್ದಿತು. ಇಂದು ಈ ಔಷಧದಿಂದ ನೆಮ್ಮದಿ ಪಡೆಯುವವರು ಆ ಅನಾಮಿಕರ ಋಣವನ್ನೂ ಹೊತ್ತಿದ್ದಾರೆ.

1970ರಲ್ಲಿ ಅಮೆರಿಕ ಸರಕಾರ ಕೆಟಮೈನ್‌ಗೆ ಅನುಮತಿ ನೀಡಿತು. ಇತರ ಅರಿವಳಿಕೆಗಳಷ್ಟು ಉಸಿರಾಟವನ್ನು ಕುಗ್ಗಿಸದ ಕಾರಣ ಅದು ವಿಯೆಟ್ನಾಂ ಯುದ್ಧಭೂಮಿಯಲ್ಲಿಯೂ ಸಲಕರಣೆಗಳಿಲ್ಲದ ಬಡ ದೇಶಗಳ ಆಸ್ಪತ್ರೆಗಳಲ್ಲಿಯೂ ನೆರವಾಯಿತು. ಅದರ ಇನ್ನೊಂದು ಗುಣ ಬೆಳಕಿಗೆ ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬೆರಳೆಣಿಕೆಯ ರೋಗಿಗಳಿಗೆ ಅರಿವಳಿಕೆಗಿಂತ ಕಡಿಮೆ ಪ್ರಮಾಣದ ಕೆಟಮೈನ್ ಕೊಟ್ಟಾಗ ಮೂರು ದಿನಗಳೊಳಗೆ ಖಿನ್ನತೆ ತಗ್ಗಿತು. 2006ರಲ್ಲಿ ಕಾರ್ಲೋಸ್ ಝರಾಟೆ ಮತ್ತು ಸಂಗಡಿಗರು, ಹಳೆಯ ಔಷಧಗಳಿಗೆ ಬಗ್ಗದ ಹದಿನೆಂಟು ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಎರಡು ಗಂಟೆಯೊಳಗೇ ವ್ಯತ್ಯಾಸ ಕಂಡರು.

ಇದು ಹೇಗೆ ಸಾಧ್ಯ? ಹಳೆಯ ಔಷಧಗಳು ಮುಖ್ಯವಾಗಿ ಸೆರೊಟೋನಿನ್, ನಾರ್ ಅಡ್ರಿನಾಲಿನ್‌ಗಳ ಮೇಲೆ ಕೆಲಸ ಮಾಡುತ್ತವೆ. ಕೆಟಮೈನ್ ಮಿದುಳಿನ ಗ್ಲುಟಮೇಟ್ ಎಂಬ ರಾಸಾಯನಿಕದ ಒಂದು ಗ್ರಾಹಕವನ್ನು ತಡೆಯುತ್ತದೆ. ಉತ್ತರ ಅಷ್ಟೇ ಎಂದು ಭಾವಿಸಲಾಗಿತ್ತು. ಆದರೆ ದೇಹಕ್ಕೆ ಸೇರಿದ ಔಷಧ ಹಾಗೆಯೇ ಉಳಿಯುವುದಿಲ್ಲ. ಯಕೃತ್ತು ಕೆಟಮೈನನ್ನು ಮೊದಲು ನಾರ್‌ಕೆಟಮೈನ್ ಆಗಿ, ಬಳಿಕ ಹೈಡ್ರಾಕ್ಸಿನಾರ್‌ಕೆಟಮೈನ್ ಆಗಿ ಮಾರ್ಪಡಿಸುತ್ತದೆ. 2016ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಟಾಡ್ ಗೌಲ್ಡ್ ತಂಡವು, ಈ ಮಾರ್ಪಾಡಿಗೆ ತಡೆಯೊಡ್ಡಿದರೆ ಇಲಿಗಳಲ್ಲಿ ಔಷಧದ ಗುಣ ಕುಂದುತ್ತದೆಂದು ತೋರಿಸಿತು. ಕೊನೆಯ ವಸ್ತುವನ್ನೇ ನೇರವಾಗಿ ಕೊಟ್ಟಾಗ, ಕೆಟಮೈನ್ ತರುವ ಭ್ರಮೆಯಂಥ ಲಕ್ಷಣಗಳಿಲ್ಲದೆ ಗುಣ ಕಂಡಿತು. ಬೇರೆ ಪ್ರಯೋಗಾಲಯಗಳು ಇದನ್ನು ಪ್ರಶ್ನಿಸಿದವು; ವಾದ ಇನ್ನೂ ಮುಗಿದಿಲ್ಲ.

2019ರಲ್ಲಿ ಕೆಟಮೈನ್‌ನ ಒಂದು ರೂಪವಾದ ಎಸ್‌ಕೆಟಮೈನ್ ಮೂಗಿಗೆ ಸಿಂಪಡಿಸುವ ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದನ್ನು ಮನೆಗೆ ಒಯ್ಯುವಂತಿಲ್ಲ. ವೈದ್ಯರ ಕಣ್ಣೆದುರಿನಲ್ಲಿ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ಅಲ್ಲಿಯೇ ಇರಬೇಕು. ಕಾರಣವಿದೆ. ಕೆಟಮೈನ್ ಚಟವಾಗಬಲ್ಲದು, ದುರುಪಯೋಗ ಮುಂದುವರಿದರೆ ಮೂತ್ರಕೋಶ ಹಾಳಾಗುತ್ತದೆ.

ಒಂದು ಬಾರಿ ಕೊಟ್ಟ ಔಷಧದ ಪರಿಣಾಮವೂ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದ್ದರಿಂದ ಇದು ರೋಗಕ್ಕೆ ಅಂತ್ಯವಲ್ಲ, ರೋಗಿಗೆ ದೊರೆಯುವ ಬಿಡುವು. ಆ ಬಿಡುವಿನಲ್ಲಿ ಮುಂದಿನ ಚಿಕಿತ್ಸೆ, ಆಪ್ತ ಸಮಾಲೋಚನೆ, ಮನೆಯವರ ಆಸರೆ ದೊರೆಯದಿದ್ದರೆ ಗಂಟೆಗಳಲ್ಲಿ ಗಳಿಸಿದ್ದು ದಿನಗಳಲ್ಲಿ ಕಳೆದುಹೋಗಬಹುದು.