ಸುಳ್ಳು ವೈರಸ್ಸಿನ ನಿಜವಾದ ಕಥೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

2009ರ ಮಾತು. ನಾನು ಪುಣೆಗೆ ಬಂದು ಎರಡು ವರ್ಷ ಆಗಿತ್ತು. ಶಿವಮೊಗ್ಗದ ಮನೆಗೆ ಒಂದು ಡೆಸ್ಕ್‌ಟಾಪ್ ಕೊಡಿಸಿದ್ದೆ. ಒಂದು ಭಾನುವಾರ ಅಪ್ಪನ ಫೋನು: ‘ಕಂಪ್ಯೂಟರ್ ತುಂಬಾ ವೈರಸ್ ಇದೆ ಅಂತ ಬರ್ತಿದೆ ಕಣೋ, ಮುನ್ನೂರು ಚಿಲ್ಲರೆ. ದುಡ್ಡು ಕಟ್ಟಿದ್ರೆ ತೆಗೀತೀವಿ ಅಂತಿದೆ.’ ನಾನು ರೇಗಿಬಿಟ್ಟೆ. ‘ಕಂಡಿದ್ದನ್ನೆಲ್ಲ ಯಾಕಪ್ಪಾ ಒತ್ತೋಕೆ ಹೋಗ್ತೀರಿ?’ ಅಪ್ಪ ಸುಮ್ಮನಾದ್ರು. ಆ ಒಂದು ಮಾತಿಗೆ ಎಷ್ಟು ಬೆಲೆ ತೆತ್ತೆವು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಆ ಪರದೆ ಎಲ್ಲಿಂದ ಬಂತು, ಅದರ ಚರಿತ್ರೆ ಏನು ಅಂತ ನೋಡೋಣ.

ಆ ಕಾಲದಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದವರಿಗೆ ನೆನಪಿರಬಹುದು. ಯಾವುದೋ ಪುಟ ತೆರೆದರೆ ವಿಂಡೋಸ್ ಎಕ್ಸ್‌ಪಿಯ ‘ಮೈ ಕಂಪ್ಯೂಟರ್’ ಥರಾನೇ ಒಂದು ಕಿಟಕಿ ಬರ್ತಿತ್ತು. ಸಿ ಡ್ರೈವ್, ಡಿ ಡ್ರೈವ್, ಓಡುವ ಹಸಿರು ಪಟ್ಟಿ, ಕೆಂಪಕ್ಷರದಲ್ಲಿ ವೈರಸ್ಸುಗಳ ಪಟ್ಟಿ. ನಿಜ ಏನಂದ್ರೆ ಅಲ್ಲಿ ಯಾವ ತಪಾಸಣೆಯೂ ನಡೀತಿರಲಿಲ್ಲ. ಅದು ಬರೀ ಚಿತ್ರ, ಜೊತೆಗೆ ಸ್ವಲ್ಪ ಜಾವಾಸ್ಕ್ರಿಪ್ಟ್. ಮ್ಯಾಕ್‌ನಲ್ಲಿ ಆ ಪುಟ ತೆರೆದವರಿಗೂ ‘ನಿಮ್ಮ ಸಿ ಡ್ರೈವ್‌ನಲ್ಲಿ ವೈರಸ್ ಇದೆ’ ಅಂತ ಬರ್ತಿತ್ತು. ಮ್ಯಾಕ್‌ಗೆ ಸಿ ಡ್ರೈವೇ ಇಲ್ಲ!

ಇದರ ಹಿಂದೆ ಇದ್ದವರು ಯಾವುದೋ ಕತ್ತಲ ಕೋಣೆಯ ಒಂಟಿ ಹ್ಯಾಕರ್‌ಗಳಲ್ಲ. ಇನೊವೇಟಿವ್ ಮಾರ್ಕೆಟಿಂಗ್ ಅನ್ನೋ ಕಂಪನಿ ಬೆಲೀಜ್ ದೇಶದಲ್ಲಿ ನೋಂದಣಿಯಾಗಿತ್ತು, ಕೆಲಸ ನಡೀತಿದ್ದದ್ದು ಉಕ್ರೇನಿನ ಕೀವ್ ನಗರದಲ್ಲಿ. ನೂರಾರು ಜನ ನೌಕರರು. ಬೆಳಿಗ್ಗೆ ಬಂದು ಕೋಡ್ ಬರೆದು, ಸಂಜೆ ಮನೆಗೆ ಹೋಗ್ತಿದ್ದ ಮಾಮೂಲಿ ಆಫೀಸು. ವಿನ್‌ಫಿಕ್ಸರ್, ವಿನ್‌ಆಂಟಿವೈರಸ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆಂಟಿವೈರಸ್ ಎಲ್ಲ ಅಲ್ಲಿಂದ ಬಂದ ಹೆಸರುಗಳು. ಒಂದೊಂದಕ್ಕೆ ಸುಮಾರು 40 ಡಾಲರ್ ಅಥವಾ ಅದಕ್ಕೂ ಹೆಚ್ಚು.

ಜಾಹೀರಾತು ಹಾಕಿಸಿದ ರೀತಿ ನೋಡಿ. ದೊಡ್ಡ ಕಂಪನಿಗಳ ಜಾಹೀರಾತು ಏಜೆನ್ಸಿ ನಾವು ಅಂತ ಹೇಳಿಕೊಂಡು ಜಾಹೀರಾತು ಜಾಲಗಳಲ್ಲಿ ಜಾಗ ಕೊಳ್ತಿದ್ದರು. ಜಾಲದವರು ಪರೀಕ್ಷೆ ಮಾಡಿದರೆ ಒಳ್ಳೆ ಜಾಹೀರಾತೇ ಕಾಣ್ತಿತ್ತು, ಸಾಮಾನ್ಯ ಓದುಗರಿಗೆ ಮಾತ್ರ ಸುಳ್ಳು ತಪಾಸಣೆಯ ಪುಟ. ಯಾರು ನೋಡ್ತಿದ್ದಾರೆ ಅಂತ ಐಪಿ ವಿಳಾಸ ನೋಡಿ ತೀರ್ಮಾನ ಆಗ್ತಿತ್ತು. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇವರ ಮೇಲೆ ಮೊಕದ್ದಮೆ ಹೂಡಿತು. ಮೋಸ ಹೋದವರು 10 ಲಕ್ಷಕ್ಕೂ ಹೆಚ್ಚು ಅಂತ ಅದರ ಲೆಕ್ಕ. 2012ರಲ್ಲಿ ಕೋರ್ಟು ಕಂಪನಿಯ ಕ್ರಿಸ್ಟಿ ರಾಸ್ ಎಂಬಾಕೆಯ ವಿರುದ್ಧ 16 ಕೋಟಿ 30 ಲಕ್ಷ ಡಾಲರ್ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು.

ಒಂದು ಕಂಪನಿ ಮುಚ್ಚಿದ್ರೆ ಧಂಧೆ ನಿಲ್ಲುತ್ತಾ? 2009ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಲತಾಣದಲ್ಲೇ ಇಂಥ ಜಾಹೀರಾತು ನುಸುಳಿತು. 2011ರ ಮೇನಲ್ಲಿ ಮ್ಯಾಕ್ ಬಳಸೋರಿಗೆ ಅಂತಲೇ ‘ಮ್ಯಾಕ್ ಡಿಫೆಂಡರ್’ ಬಂತು. ಆಪಲ್ ಅದಕ್ಕಾಗಿ ಪ್ರತ್ಯೇಕ ಭದ್ರತಾ ಅಪ್‌ಡೇಟ್ ಕೊಡಬೇಕಾಯ್ತು.

ಅದೇ ವರ್ಷ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮೂರು ನಕಲಿ ಆಂಟಿವೈರಸ್ ವ್ಯವಹಾರಗಳ ಲೆಕ್ಕಪತ್ರ ಬಿಡಿಸಿಟ್ಟರು. ಮೂರೂ ಸೇರಿ ಗಳಿಸಿದ್ದು 13 ಕೋಟಿ ಡಾಲರಿಗೂ ಹೆಚ್ಚು. ಅದಕ್ಕಿಂತ ಸ್ವಾರಸ್ಯ ಏನಂದ್ರೆ, ಈ ಕಳ್ಳರು ಕೇಳಿದವರಿಗೆ ದುಡ್ಡು ವಾಪಸ್ ಕೊಡ್ತಿದ್ದರು! ಪ್ರಾಮಾಣಿಕತೆಯಿಂದ ಅಂದ್ಕೋಬೇಡಿ. ಮೋಸ ಹೋದವರು ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂದಕ್ಕೆ ಪಡೆಯೋದು ಒಂದು ಮಿತಿ ದಾಟಿದರೆ, ಕಾರ್ಡ್ ಸಂಸ್ಥೆಗಳು ಅವರ ಖಾತೆಯನ್ನೇ ಮುಚ್ಚಿಬಿಡ್ತಿದ್ದವು. ಹಾಗಾಗಿ ಗಲಾಟೆ ಮಾಡೋರಿಗೆ ವಾಪಸ್, ಸುಮ್ಮನಿರೋರಿಗೆ ನಾಮ. ಈ ಧಂಧೆಯ ಪೂರಾ ಲಾಭ ನಿಂತಿದ್ದೇ ಸುಮ್ಮನಿರೋರ ಮೇಲೆ. ಇದನ್ನ ನೆನಪಿಟ್ಕೊಳ್ಳಿ.

2011ರ ಜೂನ್‌ನಲ್ಲಿ ಎಫ್‌ಬಿಐ ಬೇರೆ ದೇಶಗಳ ಪೊಲೀಸರ ಜೊತೆ ಸೇರಿ ಎರಡು ದೊಡ್ಡ ಗುಂಪುಗಳನ್ನು ಮುರಿಯಿತು. ಅದರಲ್ಲಿ ಒಂದೇ ಗುಂಪು 9,60,000 ಜನರಿಂದ 7 ಕೋಟಿ 20 ಲಕ್ಷ ಡಾಲರ್ ಕಿತ್ತಿತ್ತು. ಕಾರ್ಡಿನ ದಾರಿ ಬಿಗಿಯಾಯ್ತು, ಬಂಧನಗಳಾದವು, ನಕಲಿ ಆಂಟಿವೈರಸ್ ಹಾವಳಿ ತಗ್ಗಿತು. ಅಷ್ಟರಲ್ಲಿ ಮೋಸ ಇನ್ನೊಂದು ದಾರಿ ಹಿಡಿದಾಗಿತ್ತು: ಸಾಫ್ಟ್‌ವೇರ್ ಮಾರೋದರ ಬದಲು ಮನುಷ್ಯನ ದನಿಯಿಂದ ಹೆದರಿಸೋದು.

ಇಲ್ಲಿಂದ ಕಥೆ ನಮ್ಮ ದೇಶಕ್ಕೆ ಬರುತ್ತೆ. 2012ರ ಅಕ್ಟೋಬರ್‌ನಲ್ಲಿ ಅದೇ ಫೆಡರಲ್ ಟ್ರೇಡ್ ಕಮಿಷನ್ ‘ಟೆಕ್ ಸಪೋರ್ಟ್’ ವಂಚನೆಯ ಆರು ಮೊಕದ್ದಮೆ ಹೂಡಿತು. ಬಹುತೇಕ ಕರೆಗಳು ಹೋಗ್ತಿದ್ದದ್ದು ಭಾರತದಿಂದ. ‘ಮೈಕ್ರೋಸಾಫ್ಟ್‌ನಿಂದ ಮಾತಾಡ್ತಿದೀವಿ’ ಅಂತ ಶುರು ಮಾಡಿ, ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಸೋರು. ಅದರಲ್ಲಿ ಎಲ್ಲರ ಕಂಪ್ಯೂಟರಲ್ಲೂ ಕೆಂಪು ಗುರುತುಗಳು ಇದ್ದೇ ಇರ್ತವೆ ಅಂತ ನಮಗೆ ಗೊತ್ತು, ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಆಮೇಲಾಮೇಲೆ ಕರೆ ಮಾಡೋ ಕಷ್ಟವನ್ನೂ ಬಿಟ್ಟರು. ಪರದೆ ತುಂಬ ಎಚ್ಚರಿಕೆ, ಕಿವಿ ಕೊರೆಯೋ ಸೈರನ್, ಮಧ್ಯದಲ್ಲಿ ಒಂದು ಫೋನ್ ನಂಬರ್. ಹೆದರಿದವರೇ ಕರೆ ಮಾಡ್ತಾರೆ. 2018ರ ನವೆಂಬರ್‌ನಲ್ಲಿ ನೋಯ್ಡಾ ಮತ್ತು ಗುರುಗ್ರಾಮದ ಪೊಲೀಸರು ಮೈಕ್ರೋಸಾಫ್ಟ್ ದೂರಿನ ಮೇಲೆ ಇಂಥ 16 ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದರು. ನಮ್ಮಂಥದೇ ಹೆಡ್‌ಸೆಟ್, ನಮ್ಮಂಥದೇ ಶಿಫ್ಟ್, ತಿಂಗಳ ಟಾರ್ಗೆಟ್.

ಅಂಗಡಿಯವರೂ ಇದರಲ್ಲಿ ಸಾಚಾ ಅಲ್ಲ. ಅಮೆರಿಕದ ಆಫೀಸ್ ಡಿಪೋ ಮಳಿಗೆಗಳಲ್ಲಿ ಉಚಿತ ತಪಾಸಣೆ ಇತ್ತು. ‘ಕಂಪ್ಯೂಟರ್ ನಿಧಾನ ಆಗಿದೆಯಾ?’ ಅನ್ನೋ ಥರದ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಟಿಕ್ ಹಾಕಿದರೂ ಸಾಕು, ವೈರಸ್ ಲಕ್ಷಣ ಇದೆ ಅಂತ ಬರ್ತಿತ್ತು ಅನ್ನೋದು ಆರೋಪ. 2019ರಲ್ಲಿ ಆ ಕಂಪನಿ, ತಂತ್ರಾಂಶ ಕೊಟ್ಟ ಸಪೋರ್ಟ್ ಡಾಟ್ ಕಾಮ್ ಜೊತೆ ಸೇರಿ, ಮೂರೂವರೆ ಕೋಟಿ ಡಾಲರ್ ಕಟ್ಟಿ ರಾಜಿ ಮಾಡ್ಕೊಂಡಿತು.

ಈಗ ನಮ್ಮ ಅಪ್ಪನ ವಿಷಯ. 2019ರಲ್ಲಿ ಊರಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸೋಕೆ ಬ್ಯಾಂಕಿಗೆ ಹೋದೆ. ಎಂಟು ತಿಂಗಳ ಹಿಂದೆ ಹದಿನಾಲ್ಕು ಸಾವಿರ ಹೋಗಿತ್ತು. ಕೇಳಿದ್ರೆ ಮೊದಲು ಮಾತೇ ಆಡಲಿಲ್ಲ. ಆಮೇಲೆ ಅಮ್ಮ ಹೇಳಿದರು. ಸೈರನ್ ಬಂತಂತೆ, ನಂಬರಿಗೆ ಫೋನ್ ಮಾಡಿದರಂತೆ. ಆ ಕಡೆಯವನು ‘ಸರ್, ಸರ್’ ಅಂತ ಬಹಳ ಮರ್ಯಾದೆಯಿಂದ ಮಾತಾಡಿದನಂತೆ. ‘ನಿನಗೆ ಯಾಕೆ ಹೇಳಲಿಲ್ಲ ಗೊತ್ತಾ? ನೀನು ಬೈತೀಯ ಅಂತ,’ ಅಂದರು ಅಮ್ಮ. ಹತ್ತು ವರ್ಷದ ಹಿಂದಿನ ನನ್ನ ಆ ಒಂದು ಮಾತು ಅವರಿಗೆ ಮರೆತಿರಲಿಲ್ಲ. ಮಗನಿಗಿಂತ ಕಳ್ಳನೇ ಮರ್ಯಾದೆಯಿಂದ ಮಾತಾಡಿದ್ದ.

ನಾನು ಈ ಚರಿತ್ರೆ ಓದೋಕೆ ಶುರು ಮಾಡಿದ್ದು ಆಮೇಲೆ. ಕೀವ್ ಆಫೀಸಿಂದ ನೋಯ್ಡಾ ಕಾಲ್ ಸೆಂಟರ್‌ವರೆಗೆ ಸಾಫ್ಟ್‌ವೇರ್ ಬದಲಾಯ್ತು, ದುಡ್ಡಿನ ದಾರಿ ಬದಲಾಯ್ತು. ಬದಲಾಗದೇ ಉಳಿದದ್ದು ಎರಡೇ: ಹೆದರಿಕೆ, ಮತ್ತು ಮೋಸ ಹೋದವರ ಮೌನ. ಹೆದರಿಕೆಯನ್ನ ಅವರು ಹುಟ್ಟಿಸ್ತಾರೆ. ಮೌನಕ್ಕೆ ಎಷ್ಟೋ ಸಲ ನಾವೇ ಕಾರಣ.

ಈ ವಾರ ಊರಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದಿಲ್ಲ. ಪರದೆ ತುಂಬಿಕೊಂಡರೆ ಅದರೊಳಗೆ ಏನನ್ನೂ ಒತ್ತಬೇಡಿ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ, ಆಗದಿದ್ದರೆ ಪವರ್ ಬಟನ್ ಹಿಡಿದು ಆಫ್ ಮಾಡಿ. ಮತ್ತೆ ತೆರೆದಾಗ ಹಳೇ ಪುಟ ಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಮೂಲೆಯಲ್ಲಿ ಎಚ್ಚರಿಕೆ ಪದೇ ಪದೇ ಬರ್ತಿದ್ರೆ, ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಯಾವುದೋ ತಾಣಕ್ಕೆ ಕೊಟ್ಟ ನೋಟಿಫಿಕೇಶನ್ ಅನುಮತಿ ತೆಗೆದರೆ ಮುಗೀತು. ಯಾರಿಗಾದ್ರೂ ರಿಮೋಟ್ ಕೊಟ್ಟಾಗಿದ್ದರೆ ತಕ್ಷಣ ಇಂಟರ್ನೆಟ್ ತೆಗೆದು, ಬೇರೆ ಫೋನಿಂದ ಪಾಸ್‌ವರ್ಡ್ ಬದಲಾಯಿಸಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ಮತ್ತು 1930ಕ್ಕೆ ಕೂಡಲೇ ಫೋನ್ ಮಾಡಬೇಕು. ತಡ ಮಾಡಿದಷ್ಟೂ ದುಡ್ಡು ಕೈ ತಪ್ಪುತ್ತೆ.

ಇದೆಲ್ಲ ಮರೆತರೂ ಪರವಾಗಿಲ್ಲ. ‘ಅಪ್ಪ, ಏನೇ ಆಗಲಿ ಮೊದಲು ನನಗೆ ಫೋನ್ ಮಾಡಿ, ನಾನು ಬೈಯಲ್ಲ’ ಅಂತ ಒಂದು ಮಾತು ಹೇಳಿ. ಹೇಳಿದ ಮೇಲೆ, ಮೀಟಿಂಗ್‌ನಲ್ಲಿದ್ದರೂ ಆ ಫೋನ್ ಎತ್ತಿ.

ಮುಂದಿನ ವಾರ ಸಿಗೋಣ. ನಮಸ್ಕಾರ.