ಕೆಂಪು ಬಾಲದ ವಿಮಾನಗಳು

ಕಾಲಾಳುಪಡೆಗಳು ತಮ್ಮ ಪೂರ್ವಿಕರ ಕೀರ್ತಿಯನ್ನು ಧ್ವಜದಲ್ಲಿ ಕಾಪಾಡಿಕೊಂಡು ಬರುವಂತೆ, ವಿಮಾನದಳಗಳು ಅದನ್ನು ವಿಮಾನಕ್ಕೆ ಬಳಿದ ಬಣ್ಣದಲ್ಲಿ ಉಳಿಸಿಕೊಳ್ಳುವುದುಂಟು. ಅಮೆರಿಕದ ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿಯಲ್ಲಿರುವ ವಿಮಾನದಳವೊಂದಕ್ಕೆ 2007ರಲ್ಲಿ 100ನೆಯ ದಳವೆಂಬ ಹಳೆಯ ಹೆಸರನ್ನಿಟ್ಟರು. ಅದರ ಎಫ್-16 ವಿಮಾನಗಳ ಬಾಲವೂ ಕೆಂಪನ್ನು ಧರಿಸಿತು.

ಈ ಕೆಂಪಿನ ಮೂಲವು ಎರಡನೆಯ ಮಹಾಯುದ್ಧದಲ್ಲಿದೆ. ಅದೇ ಸಂಸ್ಥಾನದ ಟಸ್ಕೀಗಿಯಲ್ಲಿ 1941ರಿಂದ 1946ರ ವರೆಗೆ ಸುಮಾರು 1000 ಮಂದಿ ಕರಿಯ ಅಮೆರಿಕನ್ನರು ವೈಮಾನಿಕರಾಗಿ ಶಿಕ್ಷಣ ಪಡೆದರು. ಆಗ ಅಲ್ಲಿ ಬಿಳಿಯರ ಪಂಕ್ತಿಯಲ್ಲಿ ಕುಳಿತು ಉಣ್ಣುವ ಹಕ್ಕು ಸಹ ಅವರಿಗಿರಲಿಲ್ಲ. ಬೆಂಜಮಿನ್ ಡೇವಿಸರ ನಾಯಕತ್ವದಲ್ಲಿ, 100ನೆಯ ದಳವನ್ನೊಳಗೊಂಡ 332ನೆಯ ಸಮೂಹವು 1944ರಲ್ಲಿ ಇಟಲಿಯಿಂದ ಹೊರಟು ಬಾಂಬು ವಿಮಾನಗಳಿಗೆ ಬೆಂಗಾವಲಾಗಿ ಹಾರಿತು. ಆಕಾಶದಲ್ಲಿ ಗುರುತು ಸಿಕ್ಕಲೆಂದು ಸಮೂಹಕ್ಕೊಂದು ಬಣ್ಣವಿದ್ದಿತು. ಇವರ ಪಾಲಿಗೆ ಬಂದುದು ಕೆಂಪು.

ಇವರ ಕಾವಲಿನಲ್ಲಿ ಒಂದು ಬಾಂಬು ವಿಮಾನವೂ ಶತ್ರುವಿಮಾನಕ್ಕೆ ಬಲಿಯಾಗಲಿಲ್ಲವೆಂಬ ಮಾತು ಬಹುಕಾಲ ನಡೆದುಬಂದಿತು. ವಾಯುಸೇನೆಯ ಇತಿಹಾಸಕಾರ ಡೇನಿಯಲ್ ಹಾಲ್ಮನ್ ದಾಖಲೆಗಳನ್ನು ಶೋಧಿಸಿ, 179 ಬೆಂಗಾವಲು ಯಾತ್ರೆಗಳಲ್ಲಿ 27 ವಿಮಾನಗಳು ಹಾಗೆ ನಷ್ಟವಾದುವೆಂದು ತೋರಿಸಿದರು. ಅದೇ ಸೇನೆಯ ಇತರ ಮಸ್ಟ್ಯಾಂಗ್ ಸಮೂಹಗಳ ಸರಾಸರಿ ನಷ್ಟ 46.

ಇದರಿಂದ ವೀರರ ಕೀರ್ತಿಯು ಕುಂದಿತೆ? ಇಲ್ಲ. ಸೋಲೇ ಇಲ್ಲದವರು ಪುರಾಣಪುರುಷರು. ಇವರು ಅವಮಾನವನ್ನುಂಡೂ ಕರ್ತವ್ಯವನ್ನು ಬಿಡದ ಮನುಷ್ಯರು. ಸೇನೆಯಲ್ಲಿ ವರ್ಣಭೇದವಿರಕೂಡದೆಂದು ಅಧ್ಯಕ್ಷ ಟ್ರೂಮನ್ 1948ರಲ್ಲಿ ಆಜ್ಞೆ ಹೊರಡಿಸುವುದಕ್ಕೆ ಇಂಥವರ ಸೇವೆಯೂ ನೆರವಾಯಿತು. ಆ ಕೆಂಪು ಬಣ್ಣವು ಸ್ಮರಿಸಬೇಕಾದುದು ಈ ನಿಜವಾದ ಮನುಷ್ಯರನ್ನೇ.