ಹತ್ತು ಮೀಟರಿನ ಎಕ್ಸ್‌ಪೋರ್ಟ್ ರೇಡಿಯೊ

ಅಮೆರಿಕದ ಟ್ರಕ್ ಚಾಲಕರ ಸಿ.ಬಿ. ರೇಡಿಯೊವನ್ನೇ ಹೋಲುವ, ಕಾರಿನಲ್ಲಿ ಕೂರಿಸುವ ಪೆಟ್ಟಿಗೆಗೆ ಇಲ್ಲಿ ‘ಎಕ್ಸ್‌ಪೋರ್ಟ್ ರೇಡಿಯೊ’ ಎಂದು ಹೆಸರು. ಹ್ಯಾಮ್‌ಗಳ ಹತ್ತು ಮೀಟರ್ ಬ್ಯಾಂಡ್ 28ರಿಂದ 29.7 ಮೆಗಾಹರ್ಟ್ಸ್‌ವರೆಗಿನದು, ಸಿ.ಬಿ.ಯದು ಅದರ ಕೆಳಗೆ, 26.965ರಿಂದ 27.405. ಒಳಗಿನ ಚಿಕ್ಕದೊಂದು ಮಾರ್ಪಾಡಿನಿಂದ ಇಂಥ ಅನೇಕ ರೇಡಿಯೊಗಳು ಸಿ.ಬಿ.ಯಲ್ಲಿಯೂ ಮಾತಾಡಬಲ್ಲವು. ತೊಡಕು ಇರುವುದು ಇಲ್ಲಿಯೇ: ಆ ಬ್ಯಾಂಡಿನಲ್ಲಿ ಎಫ್‌ಸಿಸಿ ಪ್ರಮಾಣೀಕರಿಸಿದ ಯಂತ್ರಗಳು ಮಾತ್ರ ಸಲ್ಲುತ್ತವೆ. ಹ್ಯಾಮ್ ಪರವಾನಗಿ ಇದ್ದರೂ ಅದಕ್ಕೆ ವಿನಾಯಿತಿಯಿಲ್ಲ.

ಟೆಕ್ನಿಷಿಯನ್ ದರ್ಜೆಯವರಿಗೆ ಇಲ್ಲಿ ಮಾತಾಡಲು ದೊರೆಯುವುದು 28.300ರಿಂದ 28.500ರವರೆಗೆ, ಅದೂ ಸಿಂಗಲ್ ಸೈಡ್‌ಬ್ಯಾಂಡಿನಲ್ಲಿ ಮಾತ್ರ. ರೇಡಿಯೊದಲ್ಲಿ ಎ.ಎಂ., ಎಫ್.ಎಂ. ಆಯ್ಕೆಗಳೂ ಇರುತ್ತವೆ, ಅದು ನಮ್ಮ ಪರವಾನಗಿಯ ದರ್ಜೆಯನ್ನು ಅರಿಯದು. ಆದುದರಿಂದ ನಾನು ಯು.ಎಸ್.ಬಿ.ಗೆ ತಿರುಗಿಸಿ, 28.400ರಲ್ಲಿ ಮೊದಲು ಆಲಿಸುತ್ತೇನೆ. ಮೇಲಂಚಿನಲ್ಲಿ ಡಯಲ್ 28.497ನ್ನು ದಾಟಬಾರದು, ಯು.ಎಸ್.ಬಿ.ಯಲ್ಲಿ ಧ್ವನಿಯು ಡಯಲಿನ ಅಂಕಿಗಿಂತ ಸುಮಾರು 3 ಕಿಲೊಹರ್ಟ್ಸ್ ಮೇಲಕ್ಕೆ ಹರಡುತ್ತದೆ. ಎಕೊ, ರೋಜರ್ ಬೀಪ್‌ಗಳನ್ನು ಆರಿಸಿಡುವುದು ಲೇಸು: ಹ್ಯಾಮ್‌ಗಳಿಗೆ ಅವು ಕಿರಿಕಿರಿ.

ಸಿ.ಬಿ.ಯ ಕಾಲು ತರಂಗದ ಆಂಟೆನಾ ಇದಕ್ಕೆ ತುಸು ಉದ್ದವಾಯಿತು; ಸುಮಾರು ಎರಡೂವರೆ ಮೀಟರಿಗೆ ಇಳಿಸಿ, ಎಸ್.ಡಬ್ಲ್ಯು.ಆರ್. ಅಳೆಯಬೇಕು. ವಿದ್ಯುತ್ತನ್ನು ಫ್ಯೂಸ್ ಸಹಿತ ನೇರವಾಗಿ ಬ್ಯಾಟರಿಯಿಂದಲೇ ತೆಗೆದುಕೊಳ್ಳಬೇಕು.

ಈ ಪರವಾನಗಿಗೆ ಅಮೆರಿಕದ ಪೌರತ್ವ ಬೇಕಿಲ್ಲ. ವೀಸಾದ ಮೇಲೆ ಇರುವ ನಮ್ಮವರೂ ಪರೀಕ್ಷೆ ಬರೆಯಬಹುದು.